ಒಂದೇ ಒಂದು ಕ್ಯಾಸೆಟ್ಟು

ಗಲ್ಫಿನಿಂದ ಅಪ್ಪ ಬಂದಿಳಿದ ದಿನವೇ ನಮಗೆ ಹಬ್ಬವಾಗುತ್ತಿದ್ದ ಕಾಲ ಅದು. ಪೆಟ್ಟಿಗೆ ತೆರೆದರೆ ಗಡಿನಾಡಿನ ಉಪ್ಪಳದ ನಮ್ಮ ಮನೆಯಿಡೀ ಸೋಪು, ಅತ್ತರಿನ ಪರಿಮಳ. ಎರಡು ತಿಂಗಳ ರಜೆ ಮುಗಿಯುವಾಗ ಆ ಪರಿಮಳವೂ ಮುಗಿದಿರುತ್ತಿತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪನ ರಜೆಯೂ ಓಣಂ ರಜೆಯೂ ಒಟ್ಟಿಗೆ ಬಂದು, ಕೊಚ್ಚಿ ಹತ್ತಿರದ ದೊಡ್ಡ ಪಾರ್ಕಿಗೆ ಹೋಗುವುದೆಂದು ನಿಶ್ಚಯವಾಯಿತು. ಮೊಣಕಾಲು ನೋವಿನ ಅಜ್ಜಿ ಮಾತ್ರ ಬರುವುದಿಲ್ಲ ಎಂದರು.

ಹೊರಡುವ ಹಿಂದಿನ ಸಂಜೆ ಅಪ್ಪ ಜಗಲಿಯಲ್ಲಿ ಚಾಪೆ ಹಾಸಿ ಸಾಮಾನು ಹರಡಿದರು. ರೋಲು ಹಾಕುವ ಕ್ಯಾಮೆರಾ, ಎರಡು ರೋಲು, ವಿಡಿಯೊ ಕ್ಯಾಮೆರಾ, ಇಟ್ಟಿಗೆಯಷ್ಟು ಭಾರದ ಚಾರ್ಜರು. ಒಳಗೆ ಅಮ್ಮ ರೈಲಿಗೆಂದು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು.

"ಫೋಟೊ ಸಾಕು," ಎಂದರು ಅಮ್ಮ ಅಲ್ಲಿಂದಲೇ. "ನೀರಾಟದ ಜಾಗಕ್ಕೆ ಅಷ್ಟು ದೊಡ್ಡದನ್ನು ಎಂತಕ್ಕೆ ಹೊರುವುದು?"

"ಫೋಟೊದಲ್ಲಿ ಜಾರುವುದು ಕಾಣುವುದಿಲ್ಲ," ಎಂದೆ ನಾನು.

"ವಿಡಿಯೊಗೆ ಕ್ಯಾಸೆಟ್ಟು ಒಂದೇ ಉಂಟು ಮಗಳೇ. ಹೊಸಂಗಡಿ ಪೇಟೆಯಲ್ಲೂ ಸಿಗಲಿಲ್ಲ," ಎಂದರು ಅಪ್ಪ. "ಇದರಲ್ಲಿ ಅಜ್ಜಿ ಇದ್ದಾರೆ. ಮೇಲೆ ಬೇರೆ ತೆಗೆದರೆ ಅದು ಅಳಿಸಿಹೋಗುತ್ತದೆ."

ನಮ್ಮ ಕಡೆಯ ಗಲ್ಫ್ ಮನೆಗಳಲ್ಲಿ ಅಂಥದ್ದೊಂದು ಕ್ಯಾಸೆಟ್ಟು ಇರುತ್ತಿತ್ತು. ಮರಳಿ ಹೊರಡುವ ಮೊದಲು ತಾಯಿಯನ್ನು ಜಗಲಿಯಲ್ಲಿ ಕೂರಿಸಿ, ಮಾತಾಡಿಸಿ, ಆ ಮಾತನ್ನು ತುಂಬಿಸಿಕೊಂಡು ಹೋಗುವುದು ರೂಢಿ. ಯಾರ ಮದುವೆ ಕುದುರಿತು, ಯಾರ ಹಸು ಕರು ಹಾಕಿತು ಎಂದೆಲ್ಲ ಅಜ್ಜಿ ಹತ್ತಿರ ಹತ್ತಿರ ಒಂದು ಗಂಟೆ ಹೇಳಿ, ಕೊನೆಗೆ "ಉಂಡೆಯಾ ಮಗಾ?" ಎಂದು ಕ್ಯಾಮೆರಾವನ್ನೇ ಕೇಳಿದ್ದರು. ಅಪ್ಪ ಅಲ್ಲಿ ಪ್ರತಿ ಶುಕ್ರವಾರ, ವಾರದ ರಜೆಯ ದಿನ, ಅದನ್ನು ನೋಡುತ್ತಿದ್ದರು. ನಾನು ಅದರಲ್ಲಿ ಇದ್ದದ್ದು ಒಂದೇ ಸಲ, ಅಂಗಳದಲ್ಲಿ ಓಡಿಹೋಗುವಾಗ. ಮುಚ್ಚಿಡುವುದೇಕೆ, ನನಗೆ ಅಜ್ಜಿಯ ಮೇಲೆ ಹೊಟ್ಟೆಕಿಚ್ಚಿತ್ತು. ಶುಕ್ರವಾರ ಅಪ್ಪ ನನ್ನನ್ನು ನೋಡಬೇಕಿತ್ತು.

"ಅದರ ಮೇಲೆಯೇ ತೆಗೆಯಿರಿ. ಅಜ್ಜಿ ಇಲ್ಲೇ ಇದ್ದಾರಲ್ಲ," ಎಂದೆ.

ಎಲೆಗೆ ಸುಣ್ಣ ಸವರುತ್ತಿದ್ದ ಅಜ್ಜಿಯೇ ಮಾತಾಡಿದರು. "ಮಗು ಹೇಳುವುದು ಸರಿ ಉಂಟು. ಈ ಮುದುಕಿಯನ್ನು ಎಷ್ಟು ಸಲ ಅಂತ ನೋಡ್ತಿ ಮಾರಾಯ? ಹೋಗುವ ಮೊದಲು ಹೊಸ ಕ್ಯಾಸೆಟ್ಟು ತಾ, ಇನ್ನೊಮ್ಮೆ ಹೇಳ್ತೇನೆ. ನನ್ನ ಹತ್ರ ಸುದ್ದಿಗೆ ಎಂತ ಬರ?"

ಪಾರ್ಕಿನಲ್ಲಿ ನೀರಿಗೆಲ್ಲ ಔಷಧದ ವಾಸನೆ. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅಪ್ಪ ಕಂಬಿಯ ಬದಿಯಲ್ಲೇ ನಿಂತರು. ನಾನು ಹನ್ನೊಂದು ಸಲ ಜಾರಿದೆ, ಪ್ರತಿ ಸಲವೂ "ಅಪ್ಪಾ, ಇಲ್ಲಿ ನೋಡಿ" ಎಂದು ಕೂಗುತ್ತ. ಮಧ್ಯಾಹ್ನದ ಹೊತ್ತಿಗೆ ಕ್ಯಾಸೆಟ್ಟು ತುಂಬಿತು.

ಊರಿಗೆ ಮರಳಿದ ಮರುದಿನವೇ ಕಂಪೆನಿಯಿಂದ ಫೋನು, ಮೂರು ದಿನದೊಳಗೆ ಬರಬೇಕೆಂದು. ಆ ಗಡಿಬಿಡಿಯಲ್ಲೂ ಅಪ್ಪ ಮಂಗಳೂರಿಗೆ ಹೋಗಿ ಹೊಸ ಕ್ಯಾಸೆಟ್ಟು ತಂದರು. ಆದರೆ ಅಜ್ಜಿಗೆ ಶೀತವಾಗಿ ಗಂಟಲು ಕಟ್ಟಿತ್ತು. "ಈ ಗೊರಗೊರ ಸ್ವರವನ್ನು ಹಿಡಿಯಬೇಡ ಮಗಾ. ಮುಂದಿನ ಸಲಕ್ಕೆ ಆಗ್ತದೆ," ಎಂದು ಮುಖ ತಿರುಗಿಸಿದರು.

ಮುಂದಿನ ಸಲ ಬರಲಿಲ್ಲ. ಬೇಸಗೆಯಲ್ಲಿ ಅಜ್ಜಿ ತೀರಿಕೊಂಡರು. ಅಪ್ಪ ತಲುಪುವಾಗ ಎಲ್ಲ ಮುಗಿದಿತ್ತು.

ಅಪ್ಪ ನನ್ನನ್ನು ಒಮ್ಮೆಯೂ ದೂರಲಿಲ್ಲ. ಹದಿನಾಲ್ಕು ದಿನ ಇದ್ದು ಮರಳಿ ಹೋದ ಮೇಲೆ ಒಂದು ಶುಕ್ರವಾರ ಫೋನು ಮಾಡಿ, "ಇವತ್ತು ನಿನ್ನನ್ನು ನೋಡಿದೆ ಮಗಳೇ," ಎಂದರು. ನನಗೆ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಈಗ ನನ್ನ ಮಗಳು ಅನ್ನ ತಿಂದದ್ದೂ ನಿದ್ದೆ ಮಾಡಿದ್ದೂ ಫೋನಿನಲ್ಲಿದೆ, ತಿರುಗಿ ನೋಡುವವರಿಲ್ಲ. ನಮ್ಮ ಮನೆಮಾತು ತುಳು. ಅಜ್ಜಿಯ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ತುಳುವಿನಲ್ಲಿ ಬರೆದಿದ್ದರೂ ಅಷ್ಟೇ, ಆ ಸ್ವರ ಹೇಗಿತ್ತೆಂದು ನನಗೆ ನೆನಪಿಲ್ಲ. ಅಪ್ಪ ಈಗ ಮನೆಯಲ್ಲೇ ಇದ್ದಾರೆ. ಅವರಿಗಾದರೂ ನೆನಪುಂಟೇ ಎಂದು ಕೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.