ಅಕ್ಕನ ಬಲಗಾಲು

ಆ ವರ್ಷ ಯಾರಿಗೆ ಫೋನ್ ಮಾಡಿದರೂ ಮೊದಲು ಒಂದು ಹೆಣ್ಣಿನ ಧ್ವನಿ ಕೇಳುತ್ತಿತ್ತು. ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಮನೆಯಿಂದ ಹೊರಗೆ ಬರಬಾರದು ಎನ್ನುತ್ತಿತ್ತು. ಕಮ್ಮರಡಿಯ ನಮ್ಮ ಮನೆಯಲ್ಲಿದ್ದ ಇಬ್ಬರಿಗೂ ಅದು ಸರಿಯಾಗಿ ಅನ್ವಯಿಸುತ್ತಿತ್ತು. ಅಕ್ಕನಿಗೆ ಅರವತ್ತೆಂಟು, ನನಗೆ ಅರವತ್ಮೂರು. ಅವಳಿಗೆ ಸಕ್ಕರೆ ಬಂದು ಹದಿನೆಂಟು ವರ್ಷ, ನನಗೆ ಒಂಬತ್ತು.

ಅಕ್ಕ ಮದುವೆಯಾಗಲಿಲ್ಲ. ಹೊಲಿಗೆ ಅವಳ ಕಸುಬು. ನಾನು ಅಂಗನವಾಡಿಯಲ್ಲಿ ದುಡಿದು ನಿವೃತ್ತಳಾದವಳು. ಗಂಡ ತೀರಿಕೊಂಡ ಮೇಲೆ ಅವಳ ಜೊತೆ ಇರಲು ಬಂದಿದ್ದೆ. ಇಬ್ಬರೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಕೊಪ್ಪಕ್ಕೆ ಹೋಗಿ ರಕ್ತ ತೋರಿಸಿ, ಮಾತ್ರೆ ತರುತ್ತಿದ್ದೆವು. ಬಸ್ಸು ನಿಂತಿತು. ಮನೆಯಲ್ಲಿ ಸಕ್ಕರೆ ನೋಡುವ ಸಣ್ಣ ಮಷೀನೊಂದಿತ್ತು. ಅದರ ಪಟ್ಟಿಗಳೂ ಮುಗಿದವು. ಮೆಡಿಕಲ್ ಶಾಪಿನವರು ಸ್ಟಾಕ್ ಬಂದಿಲ್ಲ ಅಂದರು. ಆಮೇಲೆ ಸಕ್ಕರೆ ಎಷ್ಟಿದೆಯೋ ಏನೋ, ಅಂದಾಜಿನಲ್ಲೇ ಮಾತ್ರೆ ನುಂಗಿದೆವು.

ಪಂಚಾಯಿತಿಯಿಂದ ಒಬ್ಬರು ಬಂದು ಬಟ್ಟೆಯ ಮಾಸ್ಕ್ ಹೊಲಿದುಕೊಡಲು ಕೇಳಿದಾಗ ಅಕ್ಕನ ಮುಖ ಅರಳಿತು. ಮದುವೆಗಳು ನಿಂತು ರವಿಕೆ ಹೊಲಿಸುವವರೇ ಇರಲಿಲ್ಲ. "ಹೊಲಿ ಅಕ್ಕ, ಹೊತ್ತಾದ್ರೂ ಹೋಗ್ತದೆ," ಅಂದೆ. ಬೆಳಿಗ್ಗೆ ಕೂತರೆ ಸಂಜೆಯವರೆಗೆ ಹೊಲಿಗೆ ಮಷೀನು ತುಳಿಯುತ್ತಿದ್ದಳು. ಅದರ ಕಾಲುಮಣೆಯ ಕಬ್ಬಿಣದ ಒಂದು ಮೂಲೆ ಮುರಿದಿತ್ತು. ಬರಿಗಾಲಿನಲ್ಲೇ ತುಳಿಯುವುದು ಅವಳ ರೂಢಿ. ಅಂಗಾಲಿನ ಸ್ಪರ್ಶ ಹೋಗಿ ಎಷ್ಟೋ ಕಾಲವಾಗಿದೆ ಎನ್ನುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಡೆಯುವಾಗ ಚಪ್ಪಲಿ ಕಳಚಿ ಹಿಂದೆಯೇ ಉಳಿದರೂ ತಿಳಿಯದೆ ಮುಂದೆ ಹೋಗುತ್ತಿದ್ದಳು. ಅದನ್ನು ಹೇಳಿಕೊಂಡು ಇಬ್ಬರೂ ನಗುತ್ತಿದ್ದೆವು.

ಒಂದು ಬೆಳಿಗ್ಗೆ ಕಸ ಗುಡಿಸುವಾಗ ಮಷೀನಿನ ಬುಡದಿಂದ ಅಡುಗೆಮನೆಯವರೆಗೆ ಕಪ್ಪು ಕಲೆಗಳು ಕಂಡವು. ಅವಳನ್ನು ಕೂರಿಸಿ ಬಲಗಾಲು ಎತ್ತಿ ನೋಡಿದೆ. ಹೆಬ್ಬೆರಳ ಕೆಳಗೆ ಒಂದು ತೂತು.

"ಎಂತದಕ್ಕ ಇದು? ಯಾವಾಗ ಆಯ್ತು?"

"ಗೊತ್ತೇ ಆಗ್ಲಿಲ್ಲ ಕಣೆ. ನೋವೇ ಇಲ್ಲ." ಕಾಲನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು, "ಕೊಪ್ಪಕ್ಕೆ ಹೋಗಿ ತೋರ್ಸಿಬರನ?"

"ಬೇಡ ಮಾರಾಯ್ತಿ," ಅಂದೆ. "ಈಗ ಆಸ್ಪತ್ರೆಗೆ ಹೋದ್ರೆ ಅದನ್ನೇ ಅಂಟಿಸ್ಕೊಂಡು ಬರದು. ನಮ್ಮಂಥೋರಿಗೆ ಬಂದ್ರೆ ಉಳಿಯಲ್ಲ ಅಂತಾರೆ. ಮನೇಲೇ ಔಷಧಿ ಹಚ್ಚನ."

ತನಗಿಂತ ನಾಲ್ಕಕ್ಷರ ಹೆಚ್ಚು ಓದಿದವಳೆಂದು ಅಕ್ಕ ನನ್ನ ಮಾತನ್ನು ಯಾವತ್ತೂ ನಂಬುತ್ತಿದ್ದಳು. ಅರಿಶಿನ ಹಚ್ಚಿದೆ, ಮುಲಾಮು ಹಚ್ಚಿದೆ, ಬಟ್ಟೆ ಕಟ್ಟಿದೆ. ಹತ್ತು ದಿನ. ಹನ್ನೊಂದನೆಯ ದಿನ ಕಟ್ಟು ಬಿಚ್ಚಿದಾಗ ಹೆಬ್ಬೆರಳು ಕಪ್ಪಗಾಗಿತ್ತು. ವಾಸನೆ ಕೋಣೆ ತುಂಬಿತು. "ವಾಸನೆ ಬರ್ತಾ ಇದೆಯಾ?" ಎಂದು ಕೇಳಿದಳು. ಇಲ್ಲ ಅಂದೆ.

ಪಕ್ಕದ ಮನೆಯವರು ಕೊಪ್ಪಕ್ಕೆ ಆಟೋ ಗೊತ್ತುಮಾಡಿದರು. ದಾರಿಯಲ್ಲಿ ಪೊಲೀಸರಿಗೆ ಅವಳ ಕಾಲನ್ನೇ ತೋರಿಸಿ ಮುಂದೆ ಹೋದೆವು. ಡಾಕ್ಟರು ಮೈಯೆಲ್ಲ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಂಡು ದೂರ ನಿಂತಿದ್ದರು. ಕಾಲು ನೋಡಿದವರು ಹತ್ತಿರ ಬಂದರು.

"ಇಷ್ಟು ದಿನ ಎಂತಕ್ಕೆ ಕಾದ್ರಿ ಅಮ್ಮ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ಬಸ್ ಇರ್ಲಿಲ್ಲ ಡಾಕ್ಟ್ರೇ."

ಶಿವಮೊಗ್ಗಕ್ಕೆ ಕಳಿಸಿದರು. ಮೊಣಕಾಲಿನ ಕೆಳಗೆ ತೆಗೆದರು. ನನಗೂ ವಯಸ್ಸಾಗಿದೆ, ಸಕ್ಕರೆ ಇದೆ ಎಂದು ವಾರ್ಡಿನೊಳಗೆ ಬಿಡಲಿಲ್ಲ. ಪಕ್ಕದ ಮನೆಯಾಕೆ ಅವಳ ಜೊತೆ ಉಳಿದಳು. ಕಾಲು ಹೋದ ದಿನ ನಾನು ಹೊರಗೆ ಒಂದು ಕಟ್ಟೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದೆ. ಹೊತ್ತಿಗೆ ತಿನ್ನದಿದ್ದರೆ ತಲೆ ಸುತ್ತುತ್ತದಲ್ಲ.

ಮನೆಗೆ ಬಂದ ಮೇಲೆ ಅವಳು ಮಷೀನಿನ ಕಡೆಗೆ ಬೆನ್ನು ಮಾಡಿ ಮಲಗುತ್ತಿದ್ದಳು. ಸ್ನಾನ ಮಾಡಿಸುವಾಗ ಒಂದು ಸಲ ಧೈರ್ಯ ಮಾಡಿ, "ಅಕ್ಕ, ಅವತ್ತು ನಾನು ಬೇಡ ಅಂದೆನಲ್ಲ..." ಎಂದು ಶುರುಮಾಡಿದೆ.

"ಬೆನ್ನಿಗೆ ನೀರು ಹಾಕು, ಚಳಿ ಆಗ್ತದೆ," ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುವರ್ಷ ಕಾಯಿಲೆ ಎರಡನೇ ಸಲ ಊರಿಗೆ ಬಂದಾಗ ಮೊದಲು ಬಂದದ್ದು ನನಗೆ. ರೇಷನ್ ತರಲು ಸಾಲಿನಲ್ಲಿ ನಿಂತಿದ್ದೆ, ಅಲ್ಲೇ ಇರಬೇಕು. ಎರಡು ದಿನ ಜ್ವರ, ಅಷ್ಟೇ. ಅದು ಏನೆಂದು ತಿಳಿಯುವ ಹೊತ್ತಿಗೆ ಅವಳನ್ನು ಎತ್ತಿ ಕೂರಿಸಿದ್ದೆ, ಊಟ ಬಡಿಸಿದ್ದೆ, ಮೈ ಒರೆಸಿದ್ದೆ. ನಾಲ್ಕನೆಯ ದಿನ ಅವಳಿಗೆ ಉಸಿರು ಸಾಲದಾಯಿತು. ಆಂಬುಲೆನ್ಸಿನ ಬಾಗಿಲು ಹಾಕುವಾಗ ಅವಳು ಏನೋ ಅಂದಳು. ಮಾಸ್ಕಿನೊಳಗಿಂದ ನನಗೆ ಕೇಳಲಿಲ್ಲ. ಏನೆಂದು ಕೇಳುವಷ್ಟರಲ್ಲಿ ಗಾಡಿ ಹೊರಟಿತು. ಮೂರು ದಿನಕ್ಕೆ ಹೋದಳು. ದೇಹ ಮನೆಗೆ ಬರಲಿಲ್ಲ. ಅವಳನ್ನು ಎಲ್ಲಿ ಸುಟ್ಟರೆಂದು ಫೋನಿನಲ್ಲಿ ತಿಳಿಸಿದರು.

ಈಗ ನಾನು ನರಸಿಂಹರಾಜಪುರದಲ್ಲಿ ಮಗಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ರಕ್ತ ಕೊಡಲು ಹೋದಾಗ ಅಲ್ಲಿನ ನರ್ಸ್ ಹೊಸ ಕಾರ್ಡ್ ತುಂಬುತ್ತ, ಒಡಹುಟ್ಟಿದವರಿಗೆ ಸಕ್ಕರೆ ಇತ್ತಾ ಎಂದು ಕೇಳಿದಳು.

"ಅಕ್ಕನಿಗಿತ್ತು."

"ಈಗ ಇದ್ದಾರಾ?"

"ಇಲ್ಲ. ಕೊರೋನಾದಲ್ಲಿ ಹೋದ್ಲು."

ಅವಳು ಹಾಗೇ ಬರೆದುಕೊಂಡಳು. ಎಲ್ಲರಿಗೂ ನಾನು ಹೇಳುವುದು ಅಷ್ಟನ್ನೇ.