ನ್ಯಾಯಾಧೀಶರ ಬಾಯಿಪಾಠ

ಕೊರೊನಾ ತಗ್ಗಿ ಶೂಟಿಂಗ್‌ಗಳು ಮತ್ತೆ ಶುರುವಾಗಿದ್ದ ಕಾಲ. ಅಮೆರಿಕದ ಲಾರೆನ್ಸ್‌ವಿಲ್‌ನಲ್ಲಿ ನನ್ನ ಮಗಳ ಪಕ್ಕದ ಮನೆಗೆ ನಾಲ್ಕು ತಿಂಗಳ ಬಾಡಿಗೆಗೆಂದು ಒಬ್ಬ ಇಂಗ್ಲಿಷ್ ನಟರು ಬಂದರು. ನಾಟಕ, ಸಿನಿಮಾ, ಟೀವಿ ಎಂದು ಐವತ್ತು ವರ್ಷ ದುಡಿದವರು. ಅದರ ಫಲವಾಗಿ ಅಮೆರಿಕದವರು ಅವರಿಗೆ ಮೂರೇ ಪಾತ್ರ ಕೊಡುತ್ತಿದ್ದರಂತೆ: ಪಾದ್ರಿ, ವಿಷ ಹಾಕುವ ವೈದ್ಯ, ನ್ಯಾಯಾಧೀಶ. ಈ ಸಲ ನ್ಯಾಯಾಧೀಶ. ಕಥೆ ನಡೆಯುವುದು ಲಂಡನ್ನಿನಲ್ಲಿ. ಆ ಲಂಡನ್ ಇದ್ದದ್ದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಗೋದಾಮಿನಲ್ಲಿ.

ಬೆಳಗ್ಗೆ ಆರಕ್ಕೆ ನಾನು ವಾಕಿಂಗ್ ಹೊರಟಾಗ ಅವರು ಮೆಟ್ಟಿಲ ಮೇಲೆ ಹಾಳೆ ಹಿಡಿದು ಕೂತಿರುತ್ತಿದ್ದರು. ಮೂರನೆಯ ದಿನ ವಿಷಯ ಹೇಳಿದರು. ಮಾತು ನೆನಪಿನಲ್ಲಿ ನಿಲ್ಲುತ್ತಿಲ್ಲ. ಹಿಂದಿನ ಧಾರಾವಾಹಿಯಲ್ಲಿ ತಡವರಿಸಿದ್ದು ಎಲ್ಲರ ಕಿವಿಗೂ ಬಿದ್ದಿದೆ. ಸೋಮವಾರ ಒಂದೂವರೆ ಪುಟದ ತೀರ್ಪು ಹೇಳಬೇಕು. ಅಲ್ಲೂ ತಡವರಿಸಿದರೆ ಇನ್ನು ಯಾರೂ ಕರೆಯುವುದಿಲ್ಲ.

ಮೂವತ್ತನಾಲ್ಕು ವರ್ಷ ಮೈಸೂರಿನ ಶಾಲೆಯಲ್ಲಿ ಗಣಿತ ಕಲಿಸಿದವಳಿಗೆ ಇದೇನು ದೊಡ್ಡದು? ಹಾಳೆ ತೆಗೆದುಕೊಂಡೆ. ಒಂದು ಸಾಲು ನಾನು ಹೇಳುವುದು, ಅವರು ಮೂರು ಸಲ ಹೇಳುವುದು, ಹಿಂದಿನದಕ್ಕೆ ಸೇರಿಸಿ ಒಪ್ಪಿಸುವುದು. ತಪ್ಪಿದರೆ ಮೊದಲಿನಿಂದ. ಕೈಕಟ್ಟಿ, ನಿಂತುಕೊಂಡು.

ಮಗಳು ಕಿಟಕಿಯಿಂದ ನೋಡಿ ಹಣೆ ಚಚ್ಚಿಕೊಂಡಳು. "ಅಮ್ಮ, ಅವ್ರು ಸ್ಟೇಜ್ ಆಕ್ಟರ್. ನಿನ್ನ ಫಿಫ್ತ್ ಸ್ಟ್ಯಾಂಡರ್ಡ್ ಹುಡುಗ ಅಲ್ಲ."

"ಆ ಹುಡುಗ್ರು ಇಷ್ಟು ತಪ್ಪು ಮಾಡ್ತಿರ್ಲಿಲ್ಲ ಬಿಡು" ಎಂದೆ.

ಭಾನುವಾರದ ಹೊತ್ತಿಗೆ ಒಂದಕ್ಷರ ತಪ್ಪದೆ ಒಪ್ಪಿಸಿದರು. ಆಗಲೇ ನನಗೆ ಕೇಳಿಸಿದ್ದು, ಮಗ್ಗಿಯ ರಾಗ. ಎರಡೊಂದ್ಲ ಎರಡು ಎನ್ನುವ ಹಾಗೆ ಪ್ರತಿ ಸಾಲನ್ನೂ ಎಳೆದು, ಮೈಯನ್ನೂ ಕೊಂಚ ತೂಗುತ್ತ, ಕೊಲೆಗಾರನಿಗೆ ಜೀವಾವಧಿ ಶಿಕ್ಷೆ ಕೊಡುತ್ತಿದ್ದರು. ರಾಗ ಬಿಡಿಸಲು ಹೋದರೆ ಮಾತೂ ಬಿಟ್ಟುಹೋಗುತ್ತಿತ್ತು. ಹಾಗೆಯೇ ಕಳಿಸಿದೆ.

ಸೋಮವಾರ ಸಂಜೆ ಬಂದು ನಡೆದದ್ದನ್ನು ಹೇಳಿದರು. ನಿರ್ದೇಶಕಿ, ಸಾವಿರ ಜನಕ್ಕೆ ಇದೇ ಶಿಕ್ಷೆ ಕೊಟ್ಟು ಕೊಟ್ಟು ಬೇಸತ್ತ ನ್ಯಾಯಾಧೀಶನನ್ನು ಇಷ್ಟು ನಿಜವಾಗಿ ಯಾರೂ ತೋರಿಸಿಲ್ಲ ಎಂದಳಂತೆ. ಅವರ ಪಾತ್ರಕ್ಕೆ ಇನ್ನೂ ಎರಡು ಕಂತು ಸೇರಿದವು. ಮುಂದಿನ ವಾರ ಬೀದಿಯವರೆಲ್ಲ ಸೇರಿದ ಪಾರ್ಟಿಯಲ್ಲಿ, ಆ ಧಾಟಿ ಹೇಗೆ ಹೊಳೆಯಿತು ಎಂದು ಯಾರೋ ಕೇಳಿದರು. ಐವತ್ತು ವರ್ಷದ ರಂಗಭೂಮಿಯ ಅನುಭವ ಎಂದು ಉತ್ತರ ಬಂತು. ನಾನು ಚಿಪ್ಸ್ ತಿನ್ನುತ್ತಿದ್ದೆ.

ಹೊಸ ಕಂತಿನ ಹಾಳೆ ಹಿಡಿದು ಮತ್ತೆ ಆರಕ್ಕೆ ಹಾಜರಾದರು. ನ್ಯಾಯಾಧೀಶನ ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ, ಉಳಿಯುವುದಿಲ್ಲ. ಅವನು ಪಕ್ಕದಲ್ಲಿ ಕೂತು ಅವಳೊಡನೆ ಮಾತಾಡಬೇಕು. ಹತ್ತೇ ಸಾಲು. ಮೊದಲನೆಯದನ್ನು ಹೇಳಿಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಕೈಯೆತ್ತಿ ತಡೆದು, ಒಮ್ಮೆ ನಾನೇ ಹೇಳಿ ನೋಡುತ್ತೇನೆ ಎಂದರು. ಮೆಟ್ಟಿಲ ಮೇಲಿನ ಖಾಲಿ ಜಾಗದ ಕಡೆ ತಿರುಗಿ, ತೀರ ಸಣ್ಣ ದನಿಯಲ್ಲಿ, ಬೀರುವಿನ ಕೀಲಿ ಎಲ್ಲಿಟ್ಟಿದ್ದೀಯ ಎಂದು ಹೆಂಡತಿಯನ್ನು ಕೇಳುವುದರಿಂದ ಶುರುಮಾಡಿದರು.

ಮುಗಿದ ಮೇಲೆ ಎಷ್ಟು ತಪ್ಪಾಯಿತು ಎಂದು ಕೇಳಿದರು. ಹಾಳೆ ನನ್ನ ತೊಡೆಯ ಮೇಲೆ ಮಗುಚಿ ಬಿದ್ದಿತ್ತು. ಒಂದೂ ಇಲ್ಲ ಎಂದೆ.