ಹೊಳೆಯುವ ನೆಲ

ಬೇಳೆಯ ಪಾತ್ರೆ ಹಿಡಿದಿದ್ದ ಮಲ್ಲವ್ವ ನನ್ನ ಕಣ್ಣೆದುರೇ ಜಾರಿ ಬಿದ್ದಳು. ಹತ್ತರಗಿಯಲ್ಲಿ ಹೆದ್ದಾರಿ ಪಕ್ಕದ ನಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು ಅವಳೇ. ಅಡುಗೆಮನೆಗೆ ಬಿಳಿ ಟೈಲ್ಸ್ ಹಾಕಿಸಿ ಎರಡು ದಿನವಾಗಿತ್ತಷ್ಟೇ.

"ಅಕ್ಕಾರ, ಎಣ್ಣಿ ನೀರು ಬೀಳೂ ಜಾಗಾ ಐತಿ, ಒರಟು ಕಲ್ಲಿನ ಫರಸಿ ಹಾಕಿಸ್ರಿ" ಎಂದು ನೆಲದ ಕೆಲಸಕ್ಕೆ ಬಂದ ಗೌಂಡಿ ಅಂದಿದ್ದ. ಗಿರಾಕಿಗಳ ಕಣ್ಣಿಗೆ ನೆಲ ಹೊಳೆಯಬೇಕೆಂಬ ಆಸೆಯಲ್ಲಿ ನಾನು ಅವನ ಮಾತು ಕೇಳಲಿಲ್ಲ. ಒಲೆ ಇರುವಲ್ಲಿ ಚಪ್ಪಲಿ ಮೆಟ್ಟಬಾರದೆಂಬ ನಮ್ಮ ಮನೆಯ ಪದ್ಧತಿಯನ್ನು ಕೆಲಸದವರ ಮೇಲೆ ಹೇರಿದವಳೂ ನಾನೇ. ಮಲ್ಲವ್ವನ ಬರಿಗಾಲಿಗೆ ಎಣ್ಣೆ ಮೆತ್ತಿತ್ತು.

ಎತ್ತಿ ಕೂರಿಸಿದಾಗ, ಮುರಿದ ಬಲಗೈಯನ್ನು ಎದೆಗೊತ್ತಿಕೊಂಡು ಕೇಳಿದಳು: "ನಾಳಿ ರೊಟ್ಟಿ ಯಾರು ಬಡೀತಾರ್ರಿ ಅಕ್ಕಾರ?"

ಈಗ ಒರಟು ಫರಸಿ ಹಾಕಿಸಿದ್ದೇನೆ. ಮಲ್ಲವ್ವನ ಬೆರಳುಗಳು ಇನ್ನೂ ಮಡಚುವುದಿಲ್ಲ. ಆಗಾಗ ಬಂದು, ಚಪ್ಪಲಿ ಹೊರಗೇ ಬಿಟ್ಟು, ಹೊಸ ನೆಲಕ್ಕೆ ಪಾದ ಒತ್ತಿ ನೋಡಿ ಹೋಗುತ್ತಾಳೆ.